ಅಡ್ಡಬಿದ್ದವರಿಗೆ ಕೊಟ್ಟ ಅಪ್ಪಣೆ

ಪ್ರಶ್ನೆ: ಮಾನ್ಯರೇ, ನಾನು ಕನ್ನಡ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೆರಡು ಜನರ ತಂಡವನ್ನು ನೋಡಿಕೊಳ್ಳುತ್ತೇನೆ. ಎರಡು ವರ್ಷಗಳಿಂದ ನಮ್ಮ ಅಪಾರ್ಟ್‌ಮೆಂಟಿನ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಮತ್ತಾಯನ ಸುವಾರ್ತೆ 28ನೆಯ ಅಧ್ಯಾಯದ, “ಶಿಷ್ಯರನ್ನಾಗಿ ಮಾಡಿರಿ” ಎಂಬ 19ನೆಯ ವಚನವನ್ನು ಓದಿ, ಈಸ್ಟರ್ ಹಬ್ಬದೊಳಗೆ ಪ್ರತಿಯೊಬ್ಬರೂ ಐದು ಜನರನ್ನಾದರೂ ಶಿಷ್ಯರನ್ನಾಗಿ ಮಾಡಬೇಕು, ಇಲ್ಲವಾದರೆ ಭಾನುವಾರದ ಆರಾಧನೆ ವ್ಯರ್ಥ ಎಂದು ಹೇಳಿದ್ದಾರೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಮಗನ ಶಾಲೆಯ ಫೀಸನ್ನು ನಾನು ಕಟ್ಟುತ್ತೇನೆ. “ಅವರಿಂದಲೇ ಆರಂಭಿಸಿ” ಎಂಬ ಸಲಹೆಯೂ ಬಂದಿದೆ. ನನಗೆ ಇದು ಮುಜುಗರ. ಅದಕ್ಕಿಂತ ಹೆಚ್ಚಾಗಿ, ಆರಾಧನೆಯಲ್ಲಿ ನಿಂತಿರುವಾಗಲೇ ಕೆಲವೊಮ್ಮೆ “ಇದೆಲ್ಲ ನಿಜವೇ?” ಎಂಬ ಸಂದೇಹ ಬರುತ್ತದೆ. ಇಂಥ ನಾನು ಯಾರನ್ನು ಶಿಷ್ಯರನ್ನಾಗಿ ಮಾಡಬಲ್ಲೆ? ಆಫೀಸಿನಲ್ಲಿ ಒಬ್ಬರು, “ಯೇಸು ದೊಡ್ಡ ಗುರು, ಒಪ್ಪುತ್ತೇನೆ, ಆದರೆ ಅವರನ್ನು ಆರಾಧಿಸುವುದು ಯಾಕೆ?” ಎಂದು ಕೇಳಿದಾಗಲೂ ನನಗೆ ಉತ್ತರ ಹೊಳೆಯಲಿಲ್ಲ. — ಓದುಗರೊಬ್ಬರು, ಬೆಂಗಳೂರು

ಉತ್ತರ:

ಪ್ರಿಯ ಸಹೋದರಿಯೇ,

ನಿಮ್ಮ ಕೂಟದಲ್ಲಿ 19ನೆಯ ವಚನದಿಂದ ಓದು ಆರಂಭವಾಯಿತೆಂದು ಬರೆದಿದ್ದೀರಿ. ತೊಡಕು ಹುಟ್ಟಿದ್ದು ಅಲ್ಲಿಯೇ ಎಂದು ನನಗೆ ತೋರುತ್ತದೆ. ಆ ಮಾತು ಶುರುವಾಗುವುದು 16ನೆಯ ವಚನದಲ್ಲಿ. ಹನ್ನೊಂದು ಮಂದಿ ಶಿಷ್ಯರು ಗಲಿಲಾಯಕ್ಕೆ, ಯೇಸು ತಮಗೆ ಗೊತ್ತುಮಾಡಿದ್ದ ಬೆಟ್ಟಕ್ಕೆ ಹೋದರು. ಆತನನ್ನು ಕಂಡು ಅಡ್ಡಬಿದ್ದರು. ಆದರೆ ಕೆಲವರು ಸಂದೇಹಪಟ್ಟರು. ಆಗ ಯೇಸು ಹತ್ತಿರಕ್ಕೆ ಬಂದು, ಪರಲೋಕದಲ್ಲಿಯೂ ಭೂಲೋಕದಲ್ಲಿಯೂ ಎಲ್ಲ ಅಧಿಕಾರ ತನಗೆ ಕೊಡಲ್ಪಟ್ಟಿದೆ ಎಂದು ಹೇಳಿದನು. ಶಿಷ್ಯರನ್ನಾಗಿ ಮಾಡಿರಿ ಎಂಬ ಅಪ್ಪಣೆ ಬರುವುದು ಇಷ್ಟಾದ ಮೇಲೆ. ನಿಮ್ಮ ಮೂರು ಪ್ರಶ್ನೆಗಳಿಗೂ ಈ ಮೂರು ವಚನಗಳಲ್ಲಿ ಉತ್ತರದ ಬೇರು ಇದೆ. ಹೊಸ ಒಡಂಬಡಿಕೆಯನ್ನು ಮೂವತ್ತು ವರ್ಷ ಪಾಠ ಹೇಳಿದ ಮೇಲೂ ನಾನು ಮತ್ತೆ ಮತ್ತೆ ಮರಳುವ ಜಾಗ ಇದು.

ನಿಮ್ಮ ಸಂದೇಹದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಅದನ್ನು ಪತ್ರದಲ್ಲಿ ಕೊನೆಗೆ ಎಂಬಂತೆ, ನಾಚಿಕೆಯಿಂದ ಬರೆದಿದ್ದರೂ ಮತ್ತಾಯನು ಅದನ್ನು ಮುಚ್ಚಿಡಲಿಲ್ಲ. ಗ್ರೀಕ್ ಮೂಲದಲ್ಲಿ ಇಲ್ಲಿರುವ ಕ್ರಿಯಾಪದ “ದಿಸ್ತಾಜೊ”. ಎರಡು ಎಂಬ ಅರ್ಥ ಅದರ ಬೇರಿನಲ್ಲಿದೆ. ನಮ್ಮ ಮನೆಮಾತಿನಲ್ಲಿ “ಎರಡು ಮನಸ್ಸಾಯಿತು” ಎನ್ನುತ್ತೇವಲ್ಲ, ಅದು ಇದಕ್ಕೆ ಬಹಳ ಹತ್ತಿರದ ಮಾತು. ಹೊಸ ಒಡಂಬಡಿಕೆಯಲ್ಲಿ ಈ ಪದ ಎರಡೇ ಸಲ ಬರುತ್ತದೆ, ಎರಡೂ ಸಲ ಮತ್ತಾಯನಲ್ಲಿ. ಮೊದಲನೆಯದು 14ನೆಯ ಅಧ್ಯಾಯದಲ್ಲಿ: ನೀರಿನ ಮೇಲೆ ನಡೆದು ಬರುತ್ತಿದ್ದ ಪೇತ್ರನು ಗಾಳಿಯನ್ನು ನೋಡಿ ಭಯಪಟ್ಟು ಮುಳುಗತೊಡಗಿದಾಗ, ಯೇಸು ಕೂಡಲೇ ಕೈಚಾಚಿ ಅವನನ್ನು ಹಿಡಿದು, ಯಾಕೆ ಸಂದೇಹಪಟ್ಟೆ ಎಂದು ಕೇಳುತ್ತಾನೆ. ಮೊದಲು ಹಿಡಿದದ್ದು, ಆಮೇಲೆ ಕೇಳಿದ್ದು. ಅದೇ ಪ್ರಸಂಗದ ಕೊನೆಯಲ್ಲಿ ದೋಣಿಯಲ್ಲಿದ್ದವರು ಆತನಿಗೆ ಅಡ್ಡಬೀಳುತ್ತಾರೆ. ಸಂದೇಹವೂ ಅಡ್ಡಬೀಳುವುದೂ ಮತ್ತಾಯನಲ್ಲಿ ಒಂದೇ ದೋಣಿಯಲ್ಲಿ, ಮತ್ತೆ ಒಂದೇ ಬೆಟ್ಟದ ಮೇಲೆ ಜೊತೆಯಾಗಿ ಇವೆ. “ಕೆಲವರು” ಎಂದು ನಾವು ಓದುವ ಜಾಗದ ಗ್ರೀಕ್ ಮಾತನ್ನು “ಅವರು” ಎಂದೂ ಅರ್ಥ ಮಾಡಬಹುದೆಂದು ವಾದಿಸುವ ವಿದ್ವಾಂಸರಿದ್ದಾರೆ; ಹಾಗಾದರೆ ಅಡ್ಡಬಿದ್ದ ಹನ್ನೊಂದು ಮಂದಿಗೂ ಎರಡು ಮನಸ್ಸಿತ್ತು ಎಂದಾಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮತ್ತಾಯನ ಸುವಾರ್ತೆಯ ಉದ್ದಕ್ಕೂ ಜನರು ಯೇಸುವಿನ ಹತ್ತಿರಕ್ಕೆ ಬರುತ್ತಾರೆ: ಕುಷ್ಠರೋಗಿ ಬರುತ್ತಾನೆ, ಶತಾಧಿಪತಿ ಬರುತ್ತಾನೆ, ಶಿಷ್ಯರು ಬರುತ್ತಾರೆ, ಶೋಧಿಸುವ ಸೈತಾನನೂ ಬರುತ್ತಾನೆ. ಅದೇ ಕ್ರಿಯಾಪದವನ್ನು ಯೇಸು ತಾನಾಗಿ ಇನ್ನೊಬ್ಬರ ಬಳಿಗೆ ಬಂದ ಎಂಬ ಅರ್ಥದಲ್ಲಿ ಮತ್ತಾಯನು ಬಳಸುವುದು ಎರಡು ಕಡೆ ಮಾತ್ರ. ಒಂದು, ಬೆಟ್ಟದ ಮೇಲೆ ರೂಪಾಂತರವಾದಾಗ ಹೆದರಿ ಬೋರಲು ಬಿದ್ದಿದ್ದ ಮೂವರನ್ನು ಮುಟ್ಟಿ ಎಬ್ಬಿಸುವುದಕ್ಕೆ. ಇನ್ನೊಂದು, ಇಲ್ಲಿ, ಎರಡು ಮನಸ್ಸಿನಿಂದ ಅಡ್ಡಬಿದ್ದವರ ಬಳಿಗೆ. ಆತನು ಸಂದೇಹಪಟ್ಟವರನ್ನು ಬೇರೆ ಮಾಡಿ ನಿಲ್ಲಿಸಿ, ಉಳಿದವರಿಗೆ ಮಾತ್ರ ಅಪ್ಪಣೆ ಕೊಟ್ಟನೆಂದು ಮತ್ತಾಯನು ಬರೆದಿಲ್ಲ. ಆದ್ದರಿಂದ “ಇಂಥ ನಾನು ಯಾರನ್ನು ಶಿಷ್ಯರನ್ನಾಗಿ ಮಾಡಬಲ್ಲೆ?” ಎಂಬ ಮಾತನ್ನು ನೀವು ಕೈಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಆ ಬೆಟ್ಟದ ಮೇಲೆ ಇದ್ದದ್ದು ನಿಮ್ಮಂಥವರೇ.

ಇನ್ನು ನಿಮ್ಮ ಸಹೋದ್ಯೋಗಿಯ ಪ್ರಶ್ನೆ. ಅದು ಗಂಭೀರವಾದ, ಪ್ರಾಮಾಣಿಕವಾದ ಪ್ರಶ್ನೆ, ಮತ್ತು ಮೊದಲ ಕ್ರೈಸ್ತರಿಗೇ ಅದು ಎಲ್ಲಕ್ಕಿಂತ ಕಠಿಣವಾಗಿದ್ದ ಪ್ರಶ್ನೆ. ನಮ್ಮ ನಾಡಿನಲ್ಲಿ ಹಿರಿಯರಿಗೆ, ಗುರುಗಳಿಗೆ, ತಂದೆತಾಯಿಯರಿಗೆ ಅಡ್ಡಬೀಳುವುದು ಸಹಜ ನಡತೆ. ಅಡ್ಡಬಿದ್ದ ಮಾತ್ರಕ್ಕೆ ಅವರನ್ನು ಸೃಷ್ಟಿಕರ್ತನೆಂದು ಒಪ್ಪಿದಂತಾಗುವುದಿಲ್ಲ. ಗ್ರೀಕಿನ “ಪ್ರೊಸ್ಕುನೆಯೊ” ಎಂಬ ಪದಕ್ಕೂ ಇದೇ ಹರಹು ಇದೆ. ರಾಜನಿಗೆ ಅಡ್ಡಬೀಳುವುದಕ್ಕೂ ದೇವರನ್ನು ಆರಾಧಿಸುವುದಕ್ಕೂ ಅದು ಸಲ್ಲುತ್ತದೆ. ನಮ್ಮ ಭಾಷಾಂತರಕಾರರು ಇಲ್ಲಿ “ಅಡ್ಡಬಿದ್ದರು” ಎಂಬ ಅಚ್ಚಗನ್ನಡ ಮಾತನ್ನು ಆರಿಸಿಕೊಂಡದ್ದರಿಂದ ಆ ಹರಹು ನಮಗೆ ಉಳಿದುಕೊಂಡಿದೆ. ಹಾಗಾಗಿ ನಿಮ್ಮ ಸಹೋದ್ಯೋಗಿ, ಇದು ಗುರುವಿಗೆ ಮಾಡಿದ ನಮಸ್ಕಾರ ಇರಬಹುದಲ್ಲ ಎಂದರೆ, ಒಂದು ಪದವನ್ನೇ ಹಿಡಿದು ಅವರನ್ನು ಒಪ್ಪಿಸಲಾಗದು. ಕಥೆಯ ನಡೆಯನ್ನು ನೋಡಬೇಕು.

ಅದೇ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಇನ್ನೊಂದು ಬೆಟ್ಟವಿದೆ, ಬಹು ಎತ್ತರದ ಬೆಟ್ಟ. ಅಲ್ಲಿ ಸೈತಾನನು ಯೇಸುವಿಗೆ ಲೋಕದ ಎಲ್ಲ ರಾಜ್ಯಗಳನ್ನೂ ಅವುಗಳ ವೈಭವವನ್ನೂ ತೋರಿಸಿ, ನನಗೆ ಅಡ್ಡಬಿದ್ದರೆ ಇವೆಲ್ಲ ನಿನ್ನವು ಎನ್ನುತ್ತಾನೆ. ಪದ ಅದೇ. ಯೇಸುವಿನ ಉತ್ತರ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದಿಂದ ಬಂದದ್ದು: ನಿನ್ನ ದೇವರಾದ ಕರ್ತನಿಗೇ ಅಡ್ಡಬಿದ್ದು ಆತನೊಬ್ಬನನ್ನೇ ಆರಾಧಿಸಬೇಕು. ಹೀಗೆ ಹೇಳಿದವನೇ 28ನೆಯ ಅಧ್ಯಾಯದಲ್ಲಿ ತನಗೆ ಅಡ್ಡಬೀಳುವವರನ್ನು ತಡೆಯುವುದಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ರೋಮನ್ ಶತಾಧಿಪತಿ ಕೊರ್ನೇಲ್ಯನು ಪೇತ್ರನ ಪಾದಕ್ಕೆ ಬಿದ್ದಾಗ ಪೇತ್ರನು, ಏಳು, ನಾನೂ ಮನುಷ್ಯನೇ ಎಂದು ಎತ್ತುತ್ತಾನೆ. ಲುಸ್ತ್ರದಲ್ಲಿ ಜನರು ಪೌಲ ಬಾರ್ನಬರನ್ನು ದೇವತೆಗಳೆಂದು ತಿಳಿದು ಬಲಿಕೊಡಲು ಬಂದಾಗ ಅವರಿಬ್ಬರೂ ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗಿ ತಡೆಯುತ್ತಾರೆ. ಪ್ರಕಟನೆ ಪುಸ್ತಕದಲ್ಲಿ ದೇವದೂತನೂ, ಹಾಗೆ ಮಾಡಬೇಡ, ದೇವರಿಗೆ ಅಡ್ಡಬೀಳು ಎನ್ನುತ್ತಾನೆ. ಈ ಎಲ್ಲ ನಿರಾಕರಣೆಗಳ ನಡುವೆ ಯೇಸುವಿನ ಮೌನವನ್ನು ಇಟ್ಟು ನೋಡಿದರೆ ಅದರ ತೂಕ ತಿಳಿಯುತ್ತದೆ.

ಇದನ್ನು ಬರೆದವರು, ಇದನ್ನು ಬದುಕಿದವರು ಹಲವು ದೇವರುಗಳನ್ನು ಬಲ್ಲ ಮನೆಗಳಿಂದ ಬಂದವರಾಗಿರಲಿಲ್ಲ. ಕರ್ತನು ಒಬ್ಬನೇ ಎಂಬ ಮಾತನ್ನು ಬೆಳಿಗ್ಗೆ ಸಂಜೆ ಹೇಳಿಕೊಳ್ಳುತ್ತಿದ್ದ ಯೆಹೂದ್ಯರು ಅವರು. ಅಂಥವರು ಶಿಲುಬೆಗೆ ಹಾಕಲ್ಪಟ್ಟ ಒಬ್ಬ ಮನುಷ್ಯನನ್ನು, ಆತನ ಮರಣವಾಗಿ ಕೆಲವೇ ದಶಕಗಳೊಳಗೆ, ತಮ್ಮ ಏಕದೇವರ ಆರಾಧನೆಯ ಒಳಗೇ ಸೇರಿಸಿಕೊಂಡು ಪ್ರಾರ್ಥಿಸುತ್ತಿದ್ದರು. ಪೌಲನು ಕೊರಿಂಥದವರಿಗೆ ಗ್ರೀಕಿನಲ್ಲಿ ಬರೆದ ಪತ್ರದ ಕೊನೆಯಲ್ಲಿ “ಮಾರನಾಥಾ”, ನಮ್ಮ ಕರ್ತನೇ ಬಾ, ಎಂಬ ಅರಾಮಿಕ್ ಪ್ರಾರ್ಥನೆ ಹಾಗೆಯೇ ಉಳಿದಿದೆ. ಅದು ಅರಾಮಿಕ್ ಮಾತನಾಡುತ್ತಿದ್ದ ಮೊದಲ ಸಭೆಯ ಬಾಯಿಂದಲೇ ಬಂದದ್ದು. ಸುಮಾರು ಕ್ರಿ.ಶ. 112ರಲ್ಲಿ ಬಿಥೂನ್ಯದ ರೋಮನ್ ಅಧಿಕಾರಿ ಪ್ಲಿನಿ ಎಂಬವನು ಸಾಮ್ರಾಟ ಟ್ರಾಜನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ದಿನದಂದು ನಸುಕಿನಲ್ಲಿ ಕೂಡಿ ಕ್ರಿಸ್ತನಿಗೆ ದೇವರಿಗೆಂಬಂತೆ ಹಾಡುತ್ತಾರೆ ಎಂದು ವರದಿ ಮಾಡಿದ್ದಾನೆ. 325ರಲ್ಲಿ ಬಿಷಪರು ಕೂಡಿದ ನಿಕೇಯ ಮಹಾಸಭೆ ಮಾಡಿದ್ದು ಈಗಾಗಲೇ ನಡೆಯುತ್ತಿದ್ದ ಈ ಆರಾಧನೆಗೆ ಸರಿಯಾದ ಮಾತುಗಳನ್ನು ಹುಡುಕಿದ ಕೆಲಸ. ಯೇಸು ಗುರುವಷ್ಟೇ ಆಗಿದ್ದರೆ ಆತನ ಬೋಧನೆಯನ್ನು ಉಳಿಸಿಕೊಂಡರೆ ಸಾಕಿತ್ತು. ದೇವರು ಆತನನ್ನು ಸತ್ತವರೊಳಗಿಂದ ಎಬ್ಬಿಸಿ ಎಲ್ಲ ಅಧಿಕಾರ ಕೊಟ್ಟಿದ್ದಾನೆಂದು ನಂಬಿದ್ದರಿಂದ ಅವರು ಅಡ್ಡಬಿದ್ದರು. ನಿಮ್ಮ ಸಹೋದ್ಯೋಗಿ ಇದನ್ನು ಒಪ್ಪಲೇಬೇಕೆಂದು ನಾನು ಹೇಳುತ್ತಿಲ್ಲ. ನಾವು ಯಾಕೆ ಆರಾಧಿಸುತ್ತೇವೆ ಎಂದು ಅವರು ಕೇಳಿದ್ದಕ್ಕೆ ಇದು ನಮ್ಮ ಉತ್ತರ.

ಈ ಎರಡು ಬೆಟ್ಟಗಳ ನಡುವಿನ ದಾರಿಯಲ್ಲಿ ನಿಮ್ಮ ಉಳಿದ ಪ್ರಶ್ನೆಗೂ ಉತ್ತರವಿದೆ. ಮೊದಲ ಬೆಟ್ಟದಲ್ಲಿ ಯೇಸುವಿಗೆ ಲೋಕವನ್ನೆಲ್ಲ ಸುಲಭದ ಬೆಲೆಗೆ ಕೊಡುವ ಪ್ರಸ್ತಾಪ ಬಂದಿತ್ತು, ಆತನು ಅದನ್ನು ತಳ್ಳಿದನು. ಕೊನೆಯ ಬೆಟ್ಟದಲ್ಲಿ ಎಲ್ಲ ಅಧಿಕಾರವೂ ಆತನ ಕೈಯಲ್ಲಿದೆ, ಆದರೆ ನಡುವೆ ಶಿಲುಬೆಯಿದೆ. ಆಮಿಷದಿಂದ, ಹೆದರಿಕೆಯಿಂದ, ಹಂಗಿನಿಂದ ಜನರನ್ನು ತನ್ನ ಕಾಲಿಗೆ ಬೀಳಿಸಿಕೊಳ್ಳುವ ದಾರಿಯನ್ನು ಆತನೇ ಸೈತಾನನ ದಾರಿಯೆಂದು ಗುರುತಿಸಿ ಬಿಟ್ಟುಬಂದಿದ್ದಾನೆ. ಆತನ ಹೆಸರಿನಲ್ಲಿ ನಾವು ಅದೇ ದಾರಿಯನ್ನು ಹಿಡಿಯಲಾಗದು.

ಆದ್ದರಿಂದ ನಿಮ್ಮ ಮನೆಗೆಲಸದ ಅಕ್ಕನ ವಿಷಯದಲ್ಲಿ ನನ್ನ ಮಾತು ಸ್ಪಷ್ಟ: ಫೀಸನ್ನು ಕಟ್ಟುತ್ತಾ ಇರಿ, ಕೂಟಕ್ಕೆ ಕರೆಯಬೇಡಿ. ನಿಮ್ಮ ಕೈಯಿಂದ ಸಂಬಳವನ್ನೂ ಮಗನ ಓದಿನ ಖರ್ಚನ್ನೂ ಪಡೆಯುತ್ತಿರುವ ಹೆಂಗಸು ನಿಮ್ಮ ಆಹ್ವಾನಕ್ಕೆ ಒಲ್ಲೆನೆಂದು ಹೇಳುವುದು ಎಷ್ಟು ಕಷ್ಟವೆಂದು ಯೋಚಿಸಿ. ಒಲ್ಲೆ ಎನ್ನಲಾಗದವರ “ಹೂಂ” ನಂಬಿಕೆಯಲ್ಲ. ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿರಿ ಎಂದು ಯೇಸು ಹನ್ನೆರಡು ಮಂದಿಯನ್ನು ಮೊದಲ ಸಲ ಕಳುಹಿಸುವಾಗಲೇ ಹೇಳಿದ್ದಾನೆ. ಆಕೆಯೇ ಎಂದಾದರೂ, ಅಮ್ಮಾ, ನೀವು ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದರೆ, ಕೇಳಿದಷ್ಟಕ್ಕೆ ನಿಜವಾದ ಉತ್ತರ ಕೊಡಿ. ಆಕೆ ಏನು ಹೇಳಿದರೂ ಮಗನ ಫೀಸು ನಿಲ್ಲುವುದಿಲ್ಲವೆಂಬುದು ಆಕೆಗೆ ಮೊದಲೇ ತಿಳಿದಿರಲಿ. ನಿಮ್ಮ ತಂಡದ ಹನ್ನೆರಡು ಜನರ ವಿಷಯವೂ ಹಾಗೆಯೇ. ಅವರ ಬಡ್ತಿ, ರಜೆ, ವರ್ಷದ ಮೌಲ್ಯಮಾಪನ ನಿಮ್ಮ ಕೈಯಲ್ಲಿರುವ ತನಕ ಅವರನ್ನು ನಂಬಿಕೆಯ ವಿಷಯಕ್ಕೆ ನೀವಾಗಿ ಎಳೆಯಬಾರದು.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಜಾಗತಿಕ ಸಭೆಗಳ ಮಂಡಳಿ, ವ್ಯಾಟಿಕನ್ನಿನ ಅಂತರ್‌ಧರ್ಮೀಯ ಸಂವಾದ ಪರಿಷತ್ತು ಮತ್ತು ಜಾಗತಿಕ ಇವ್ಯಾಂಜೆಲಿಕಲ್ ಒಕ್ಕೂಟ ಈ ಮೂರೂ ಸೇರಿ 2011ರಲ್ಲಿ ಪ್ರಕಟಿಸಿದ ಸಾಕ್ಷ್ಯದ ನಡವಳಿಕೆಯ ಶಿಫಾರಸುಗಳು, ಸೇವಾಕಾರ್ಯದಲ್ಲಿ ಹಣದ ಅಥವಾ ಬೇರಾವುದೇ ಬಗೆಯ ಆಮಿಷವನ್ನು ಕ್ರೈಸ್ತರು ಒಡ್ಡಬಾರದು, ಬಡತನವನ್ನು ಅದಕ್ಕೆ ಬಳಸಿಕೊಳ್ಳಬಾರದು ಎನ್ನುತ್ತವೆ; ಧರ್ಮ ಬದಲಾಯಿಸುವುದು ಬಾಳಿನ ದೊಡ್ಡ ಹೆಜ್ಜೆಯಾದ್ದರಿಂದ ಯೋಚನೆಗೂ ಸಿದ್ಧತೆಗೂ ಸಾಕಷ್ಟು ಸಮಯವಿರಬೇಕು ಎಂದೂ ಹೇಳುತ್ತವೆ. ಅನೇಕ ವಿಷಯಗಳಲ್ಲಿ ಒಬ್ಬರನ್ನೊಬ್ಬರು ಒಪ್ಪದ ಮೂರು ಪರಂಪರೆಗಳು ಇಷ್ಟನ್ನು ಒಟ್ಟಿಗೆ ಹೇಳಿವೆ ಎಂಬುದನ್ನು ನಿಮ್ಮ ಕೂಟದ ಹಿರಿಯರ ಗಮನಕ್ಕೆ ತನ್ನಿರಿ. ದೇಶದ ಕಾನೂನನ್ನೂ ತಿಳಿದಿರಬೇಕು: ಸಂವಿಧಾನದ 25ನೆಯ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಕೊಟ್ಟಿದೆ, ಪ್ರಸಾರವೆಂದರೆ ತತ್ತ್ವಗಳನ್ನು ವಿವರಿಸಿ ಹೇಳುವುದೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಕಾನೂನಿನ ಭಯದಿಂದ ಆಮಿಷವನ್ನು ಬಿಡುವ ಕ್ರೈಸ್ತನು ಇನ್ನೂ ಮೊದಲ ಬೆಟ್ಟದ ಪಾಠವನ್ನೇ ಕಲಿತಿಲ್ಲ.

ಹಾಗಾದರೆ ಅಪ್ಪಣೆಯೇ ನಮಗೆ ಸಲ್ಲುವುದಿಲ್ಲವೇ? ಸಲ್ಲುತ್ತದೆ. ಇದು ಅಪೊಸ್ತಲರಿಗೆ ಮಾತ್ರ ಹೇಳಿದ್ದು, ಅವರೊಂದಿಗೆ ಮುಗಿಯಿತು ಎಂದು ಬಹುಕಾಲ ಅನೇಕ ಪ್ರೊಟೆಸ್ಟಂಟರು ತಿಳಿದಿದ್ದರು. ಮುಂದೆ ಮಿಷನರಿಯಾಗಿ ಬಂಗಾಳಕ್ಕೆ ಬಂದ ಇಂಗ್ಲೆಂಡಿನ ವಿಲಿಯಂ ಕೇರಿಯು 1792ರಲ್ಲಿ ಪ್ರಕಟಿಸಿದ ಸಣ್ಣ ಪುಸ್ತಕದಲ್ಲಿ ಈ ತಿಳುವಳಿಕೆಯನ್ನು ಎದುರಿಸಿದನು: ಅಪ್ಪಣೆ ಅಪೊಸ್ತಲರಿಗೆ ಮಾತ್ರವಾದರೆ ಅದರೊಳಗೇ ಬರುವ ದೀಕ್ಷಾಸ್ನಾನವೂ (ಬ್ಯಾಪ್ಟಿಸಂ) ಅವರಿಗೆ ಮಾತ್ರವಾಗಬೇಕಲ್ಲ, ಯುಗದ ಸಮಾಪ್ತಿಯವರೆಗೂ ನಿಮ್ಮ ಸಂಗಡ ಇರುತ್ತೇನೆಂಬ ವಾಗ್ದಾನವೂ ಅವರಿಗೆ ಮಾತ್ರವಾಗಬೇಕಲ್ಲ ಎಂಬುದು ಅವನ ವಾದದ ತಿರುಳು. ನನಗೆ ಆ ವಾದ ಇಂದಿಗೂ ಸರಿಯೆನಿಸುತ್ತದೆ. ಆರಾಧನೆ ಸಾಕು, ಉಳಿದದ್ದು ಬೇರೆಯವರಿಗೆ ಎನ್ನುವವರಿಗೆ ನಾನು ಜೊತೆಯಾಗಲಾರೆ. ನಿಮ್ಮ ಕೂಟದವರು ಅಪ್ಪಣೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು ಸರಿ. ಅಪ್ಪಣೆಯಲ್ಲಿ ಏನಿದೆ ಎಂಬುದನ್ನು ಅವರು ಅವಸರದಲ್ಲಿ ಓದಿದ್ದಾರೆ.

ಈ ವಾಕ್ಯದ ರಚನೆಯನ್ನು ತಿಳಿಯಲು ಕನ್ನಡ ಓದುಗರಿಗೆ ಒಂದು ಅನುಕೂಲವಿದೆ. ಗ್ರೀಕಿನಲ್ಲಿ ಆಜ್ಞಾರೂಪದ ಕ್ರಿಯಾಪದ ಒಂದೇ: ಶಿಷ್ಯರನ್ನಾಗಿ ಮಾಡಿರಿ. ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಉಪದೇಶಿಸುವುದು ಈ ಮೂರೂ ಅದಕ್ಕೆ ಜೋಡಿಸಿದ ಕೃದಂತಗಳು, ಅಂದರೆ ಮುಖ್ಯ ಕ್ರಿಯಾಪದಕ್ಕೆ ಆತುಕೊಂಡು ನಿಲ್ಲುವ ರೂಪಗಳು. “ಹೊರಟುಹೋಗಿ ಶಿಷ್ಯರನ್ನಾಗಿ ಮಾಡಿರಿ” ಎಂಬ ನಮ್ಮ ಭಾಷಾಂತರದ “ಹೋಗಿ” ಇದೇ ಬಗೆಯದು. “ಊಟ ಮಾಡಿ ಬಾ” ಎಂಬಲ್ಲಿನ “ಮಾಡಿ”ಯಂತೆ ಅದು ಮುಂದಿನ ಕೆಲಸದ ಕಡೆಗೆ ಕೈತೋರಿಸುತ್ತದೆ. ಆದರೆ ಆಡುಮಾತಿನಲ್ಲಿ “ಹೋಗಿ” ಎಂಬುದು ಬಹುವಚನದ ಆಜ್ಞೆಯೂ ಆಗಿರುವುದರಿಂದ ನಮ್ಮ ಕಿವಿಗೆ ಅದೇ ಮುಖ್ಯ ಆಜ್ಞೆಯಂತೆ ಕೇಳಿಬಿಡುತ್ತದೆ. ಹೋಗುವುದು ಐಚ್ಛಿಕ ಎಂದು ನಾನು ಹೇಳುತ್ತಿಲ್ಲ. ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಐಗುಪ್ತಕ್ಕೆ ಓಡಿಹೋಗು ಎಂದು ದೂತನು ಯೋಸೇಫನಿಗೆ ಹೇಳಿದಾಗ ಏಳದೆ ಓಡಿಹೋಗಲು ಆಗುತ್ತಿರಲಿಲ್ಲ. ಅಲ್ಲಿಯೂ ಇದೇ ರಚನೆ. ಆದರೆ ಎದ್ದದ್ದೇ ಗುರಿಯಲ್ಲ. ಹಾಗೆಯೇ ಇಲ್ಲಿ ಗುರಿ ಶಿಷ್ಯತ್ವ.

ಶಿಷ್ಯನೆಂದರೆ ಯಾರು? ಗ್ರೀಕಿನ “ಮಥೆತೆಸ್” ಎಂದರೆ ಕಲಿಯುವವನು. ಹೊಸ ಒಡಂಬಡಿಕೆಯಲ್ಲಿ “ಕ್ರೈಸ್ತ” ಎಂಬ ಪದ ಮೂರೇ ಸಲ ಬಂದರೆ ಈ ಪದ ಸುಮಾರು 260 ಸಲ ಬರುತ್ತದೆ. ಕಲಸೀಪಾಳ್ಯದ ಗ್ಯಾರೇಜಿನಲ್ಲಿ ಮೇಸ್ತ್ರಿಯ ಕೈಕೆಳಗೆ ಸೇರಿದ ಹುಡುಗನನ್ನು ನೆನೆಯಿರಿ. ಮೊದಲು ಸ್ಪ್ಯಾನರ್ ಎತ್ತಿಕೊಡುತ್ತಾನೆ, ಕೈಯೆಲ್ಲ ಗ್ರೀಸು ಮಾಡಿಕೊಳ್ಳುತ್ತಾನೆ, ಬೈಸಿಕೊಳ್ಳುತ್ತಾನೆ. ವರ್ಷಗಳಾದ ಮೇಲೆ ಇಂಜಿನ್ನಿನ ಸದ್ದು ಕೇಳಿಯೇ ಕೆಡುಕು ಎಲ್ಲಿದೆಯೆಂದು ಹೇಳುತ್ತಾನೆ. ಪುಸ್ತಕದಿಂದ ಬಂದ ತಿಳಿವು ಅದಲ್ಲ, ಮೇಸ್ತ್ರಿಯ ಜೊತೆ ಇದ್ದು ಬಂದದ್ದು. ಯೇಸು ಹನ್ನೆರಡು ಮಂದಿಯನ್ನು ತನ್ನ ಸಂಗಡ ಇರುವುದಕ್ಕೆ ನೇಮಿಸಿದನೆಂದು ಮಾರ್ಕನು ಬರೆಯುವಾಗ ಇಂಥದ್ದೇ ಕಲಿಕೆ ಅವನ ಕಣ್ಣಮುಂದಿದೆ. ಅಪ್ಪಣೆಯ ಮಾತನ್ನೂ ಗಮನಿಸಿ: ನಾನು ಆಜ್ಞಾಪಿಸಿದ್ದನ್ನೆಲ್ಲ ಕಾಪಾಡಿಕೊಳ್ಳಲು, ಅಂದರೆ ಅದರಂತೆ ನಡೆಯಲು, ಕಲಿಸಿರಿ. ಮತ್ತಾಯನಲ್ಲಿ ಆ “ಎಲ್ಲ”ದರೊಳಗೆ ಏನೇನಿದೆ? ವೈರಿಯನ್ನು ಪ್ರೀತಿಸುವುದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವುದು, ಏಳೆಪ್ಪತ್ತು ಸಲ ಕ್ಷಮಿಸುವುದು, ಹಸಿದವನಿಗೂ ಪರದೇಶಿಗೂ ಸೆರೆಯಲ್ಲಿದ್ದವನಿಗೂ ಮಾಡಿದ್ದು ನನಗೇ ಮಾಡಿದ್ದು ಎಂಬ ಮಾತು. ಇವುಗಳಲ್ಲಿ ಒಂದನ್ನಾದರೂ ಈಸ್ಟರಿನೊಳಗೆ ಕಲಿತು ಮುಗಿಸಿದವರನ್ನು ನಾನು ಕಂಡಿಲ್ಲ; ನಾನಂತೂ ಮುಗಿಸಿಲ್ಲ.

ಮೊದಲ ಶತಮಾನಗಳ ಸಭೆ ಅವಸರಪಡಲಿಲ್ಲ. ಅಪೊಸ್ತಲಿಕ ಸಂಪ್ರದಾಯ ಎಂದು ಕರೆಯುವ ಹಳೆಯ ಸಭಾ ನಿಯಮಾವಳಿಯಲ್ಲಿ ದೀಕ್ಷಾಸ್ನಾನ ಬಯಸುವವರು ಮೂರು ವರ್ಷ ಉಪದೇಶ ಕೇಳಬೇಕೆಂದಿದೆ. ಕಾಲಕ್ಕಿಂತ ನಡತೆಯೇ ಮುಖ್ಯವೆಂದೂ ಅದೇ ಹೇಳುತ್ತದೆ. ಕೊನೆಗೆ ಅವರ ಬಗ್ಗೆ ವಿಚಾರಿಸುತ್ತಿದ್ದ ಪ್ರಶ್ನೆಗಳು ಇಂಥವು: ವಿಧವೆಯರನ್ನು ಗೌರವಿಸಿದ್ದಾರೆಯೇ? ರೋಗಿಗಳನ್ನು ಹೋಗಿ ನೋಡಿದ್ದಾರೆಯೇ? ನಮ್ಮ ಊರಿನ ಚರಿತ್ರೆಯಲ್ಲಿಯೂ ಈ ತಾಳ್ಮೆಯ ಗುರುತುಗಳಿವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡದಲ್ಲಿ ಪೂರ್ಣ ಬೈಬಲ್ ಮುಗಿದದ್ದು 1831ರಲ್ಲಿ. ಒಂದು ಪುಸ್ತಕವನ್ನು ಜನರ ಮಾತಿನಲ್ಲಿ ಅವರ ಕೈಗಿಡಲು ಎರಡು ದಶಕ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯದ ಹೆಸರಿಗೆ ಕಾರಣರಾದ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು ಸುಮಾರು ಐವತ್ತು ವರ್ಷ ಇಲ್ಲಿ ಬಾಳಿದರು. ಅವರ ಪತ್ನಿ ಮತ್ತು ಜೊತೆಯವರು 1840ರ ದಶಕದಲ್ಲಿ ಕನ್ನಡದ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಆ ಕಾಲದ ಮಿಷನರಿಗಳ ಎಲ್ಲ ನಡೆಯನ್ನೂ ನಾನು ಸಮರ್ಥಿಸುವುದಿಲ್ಲ. ವಸಾಹತು ಆಳ್ವಿಕೆಯ ನೆರಳಿನಲ್ಲಿ ನಡೆದ ಕೆಲಸ ಅದು. ಆದರೂ ಒಂದೇ ಊರಿನಲ್ಲಿ ಅರ್ಧ ಶತಮಾನ ಇದ್ದು ಅದರ ಮಾತನ್ನು ಕಲಿತವರಿಂದ ಐದು ಜನರ ಗುರಿಯಿಟ್ಟುಕೊಂಡ ನಾವು ಕಲಿಯಬೇಕಾದದ್ದಿದೆ.

ಲೆಕ್ಕದ ವಿಷಯದಲ್ಲಿ ನಾನೂ ತಪ್ಪಿದವನೇ. ಇಪ್ಪತ್ತಮೂರರ ವಯಸ್ಸಿನಲ್ಲಿ ಒಂದು ಸಂಸ್ಥೆಗಾಗಿ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದಾಗ ತಿಂಗಳ ಕೊನೆಗೆ ಒಂದು ನಮೂನೆಯನ್ನು ತುಂಬಿ ಕಳುಹಿಸಬೇಕಿತ್ತು: ಎಷ್ಟು ಜನ ಕೇಳಿದರು, ಎಷ್ಟು ಜನ ಕೈಯೆತ್ತಿದರು. ಕೈಯೆತ್ತಿದವರ ಸಂಖ್ಯೆಯನ್ನು ಬರೆದೆ, ಒಬ್ಬರ ಹೆಸರನ್ನೂ ಬರೆದುಕೊಳ್ಳಲಿಲ್ಲ. ವರ್ಷದ ಮೇಲೆ ಅದೇ ಹಳ್ಳಿಗೆ ಹೋದಾಗ ಒಬ್ಬ ಮುದುಕರು ನನ್ನನ್ನು ಗುರುತು ಹಿಡಿದು, ನೀವು ಮತ್ತೆ ಬರುತ್ತೀರೆಂದು ಕಾದೆವು ಎಂದರು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಯೇಸುವೇ ಶಾಸ್ತ್ರಿಗಳಿಗೂ ಫರಿಸಾಯರಿಗೂ ಹೇಳಿದ ಕಟುವಾದ ಮಾತೊಂದಿದೆ: ಒಬ್ಬನನ್ನು ಮತಕ್ಕೆ ಸೇರಿಸಿಕೊಳ್ಳುವುದಕ್ಕೆ ಕಡಲನ್ನೂ ನೆಲವನ್ನೂ ಸುತ್ತುತ್ತೀರಿ, ಸೇರಿದ ಮೇಲೆ ಅವನನ್ನು ನಿಮಗಿಂತ ಎರಡರಷ್ಟು ಕೆಡಿಸುತ್ತೀರಿ. ಇದು ಮತ್ತಾಯ 23ರಲ್ಲಿದೆ, ಅಂದರೆ ಶಿಷ್ಯರನ್ನಾಗಿ ಮಾಡಿರಿ ಎಂದು ದಾಖಲಿಸಿದ ಅದೇ ಪುಸ್ತಕದಲ್ಲಿ.

ಆ ಅಧ್ಯಾಯದಲ್ಲಿಯೇ ನಿಮ್ಮ ಕೂಟಕ್ಕೆ ಬಹಳ ಅಗತ್ಯವಾದ ಇನ್ನೊಂದು ಮಾತೂ ಇದೆ. ಗುರುವೆನಿಸಿಕೊಳ್ಳಬೇಡಿರಿ, ಒಬ್ಬನೇ ನಿಮ್ಮ ಗುರು, ನೀವೆಲ್ಲರೂ ಸಹೋದರರು ಎನ್ನುತ್ತಾನೆ ಯೇಸು. ನೀವು ಮಾಡುವ ಶಿಷ್ಯರು ನಿಮ್ಮ ಶಿಷ್ಯರಲ್ಲ. “ನನ್ನ ಐದು ಜನ” ಎಂದು ಎಣಿಸುವ ಕ್ಷಣದಲ್ಲಿಯೇ ನಾವು ಆತನ ಪೀಠದಲ್ಲಿ ಕುಳಿತಂತಾಯಿತು. ಹಿಂದೆ ಗುರು ಇರಬೇಕು, ಮುಂದೆ ಗುರಿ ಇರಬೇಕು ಎನ್ನುತ್ತಾರೆ ನಮ್ಮ ಹಿರಿಯರು. ಸುವಾರ್ತೆಯಲ್ಲಿ ಗುರು ಮುಂದೆ ನಡೆಯುತ್ತಾನೆ. ಆತನು ನಿಮಗಿಂತ ಮುಂದಾಗಿ ಗಲಿಲಾಯಕ್ಕೆ ಹೋಗುತ್ತಾನೆ ಎಂದು ಖಾಲಿ ಸಮಾಧಿಯ ಬಳಿ ಹೇಳಿದ ದೂತನ ಮಾತನ್ನು ಕೇಳಿ ಹೊರಟ ಹೆಂಗಸರು ದಾರಿಯಲ್ಲಿ ಆತನನ್ನೇ ಕಂಡರು, ಪಾದಗಳನ್ನು ಹಿಡಿದು ಅಡ್ಡಬಿದ್ದರು, ಆಮೇಲೆ ಆತನು ಅವರನ್ನು ಕಳುಹಿಸಿದನು. ಹನ್ನೊಂದು ಮಂದಿಗೆ ಬೆಟ್ಟದ ಮೇಲೆ ಅಪ್ಪಣೆಯಾಗುವ ಮೊದಲೇ ಇಬ್ಬರು ಹೆಂಗಸರು ಅದೇ ಕ್ರಮದಲ್ಲಿ, ಮೊದಲು ಪಾದ ಹಿಡಿದು ಆಮೇಲೆ ಸುದ್ದಿ ಹೊತ್ತು, ನಡೆದಿದ್ದಾರೆ. ಆರಾಧನೆ ವ್ಯರ್ಥವೆಂದು ಹೇಳಿದವರು ಈ ಕ್ರಮವನ್ನು ಗಮನಿಸಿಲ್ಲ. ಅಡ್ಡಬೀಳದೆ ಹೊರಟವನು ತನ್ನ ಸುದ್ದಿಯನ್ನೇ ಹೊತ್ತುಕೊಂಡು ಹೋಗುತ್ತಾನೆ.

ನೀವು ಈಗ ಏನು ಮಾಡಬೇಕೆಂದು ಕೇಳಿದರೆ, ನಿಮ್ಮ ಸುತ್ತ ಈಗಾಗಲೇ ಇರುವವರನ್ನು ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರು ಮೊದಲು. ನೀವು ಸಿಟ್ಟಿನಲ್ಲಿ ಆಡಿದ ಮಾತಿಗೆ ಅವರಲ್ಲಿ ಕ್ಷಮೆ ಕೇಳುವುದನ್ನು ಅವರು ಕಂಡರೆ, ಕ್ಷಮಿಸಿರಿ ಎಂಬ ಆಜ್ಞೆಯ ಪಾಠ ಅಲ್ಲಿ ಆರಂಭವಾಗುತ್ತದೆ. ನಿಮ್ಮ ಸಭೆಯಲ್ಲಿ ದೃಢೀಕರಣಕ್ಕೆ, ಅಂದರೆ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಗೆ, ಸಿದ್ಧವಾಗುತ್ತಿರುವ ಹುಡುಗ ಹುಡುಗಿಯರಲ್ಲಿ ಒಬ್ಬರಿಗಾದರೂ ವಾರಕ್ಕೊಂದು ಗಂಟೆ ಕೊಡಲು ಸಾಧ್ಯವೇ ಎಂದು ಸಭಾಪಾಲಕರಾದ ಅಯ್ಯನವರನ್ನು ಕೇಳಿ. ದೀಕ್ಷಾಸ್ನಾನ ಹೊಂದಿ ಉಪದೇಶ ಸಿಗದೆ ಉಳಿದವರು ನಮ್ಮ ಸಭೆಗಳ ಒಳಗೇ ಇರುವಾಗ ಅಪ್ಪಣೆಯ ಅರ್ಧ ಕೆಲಸ ಅಲ್ಲಿಯೇ ಬಾಕಿ ಇದೆ. ಹೊರಗಿನವರ ವಿಷಯದಲ್ಲಿ ಪೇತ್ರನ ಮೊದಲ ಪತ್ರದ ಮಾತು ನನಗೆ ದಾರಿ: ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಆದರೆ ಸಾತ್ವಿಕತ್ವದಿಂದಲೂ ಗೌರವದಿಂದಲೂ ಹೇಳಿರಿ. ಯಾರೂ ಕೇಳುತ್ತಿಲ್ಲವಾದರೆ, ಕೇಳುವಂಥದ್ದು ನಮ್ಮ ಬದುಕಿನಲ್ಲಿ ಏನಾದರೂ ಇದೆಯೇ ಎಂದು ನಾವು ನೋಡಿಕೊಳ್ಳಬೇಕು.

ಕೂಟವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಮುಂದಿನ ಸಲ ಕೂಡಿದಾಗ 16ನೆಯ ವಚನದಿಂದ ಓದೋಣವೆಂದು ನೀವೇ ಕೇಳಿ, ಸಂದೇಹಪಟ್ಟರು ಎಂಬಲ್ಲಿ ಸ್ವಲ್ಪ ನಿಲ್ಲಿ. ಅಲ್ಲಿ ಕುಳಿತವರಲ್ಲಿ ಇನ್ನೂ ಒಬ್ಬರಿಗೋ ಇಬ್ಬರಿಗೋ ನಿಮ್ಮ ಹಾಗೆಯೇ ಎರಡು ಮನಸ್ಸು ಇದ್ದೀತು, ಹೇಳಲು ಧೈರ್ಯ ಇಲ್ಲದಿದ್ದೀತು.

ನಿಮ್ಮ ಸಹೋದ್ಯೋಗಿಗೆ ಮಾತ್ರ ನೀವು ಉತ್ತರ ಬಾಕಿ ಉಳಿಸಿಕೊಂಡಿದ್ದೀರಿ, ಏಕೆಂದರೆ ಅವರು ತಾವಾಗಿ ಕೇಳಿದ್ದಾರೆ. ಅವರು ನಿಮ್ಮ ಕೈಕೆಳಗೆ ಇಲ್ಲದಿದ್ದರೆ, ಬಿಡುವಾದ ಒಂದು ಮಧ್ಯಾಹ್ನ 14ನೆಯ ಮತ್ತು 28ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದೋಣವೇ ಎಂದು ಕೇಳಿ ನೋಡಿ. ಅವರು ಬೇಡವೆಂದರೆ ಅಲ್ಲಿಗೆ ಬಿಡಿ, ಸ್ನೇಹ ಮೊದಲಿನಂತೆಯೇ ಇರಲಿ. ಹೂಂ ಎಂದರೆ, ದೋಣಿಯ ಕಥೆಯನ್ನು ಮುಗಿಸಿದ ಮೇಲೆ, ಆರಾಧನೆಯಲ್ಲಿ ನಿಂತಾಗ ನಿಮಗೂ ಏನಾಗುತ್ತದೆಂಬುದನ್ನು ನನಗೆ ಬರೆದಷ್ಟೇ ಪ್ರಾಮಾಣಿಕವಾಗಿ ಅವರಿಗೂ ಹೇಳಿ.